ಸೆರೆಯಿಂದ ಊರಿಗೆ: ಕಾವೇರಿ ತೀರದ ಒಂದು ಇತಿಹಾಸ



ಕುಶಾಲನಗರದ ಬಳಿ ಕಾವೇರಿಯ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆ ಆರಂಭವಾಗುತ್ತದೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಪಿರಿಯಾಪಟ್ಟಣವಿದೆ. ಇನ್ನೂ ಪೂರ್ವಕ್ಕೆ, ಇದೇ ನದಿಯ ದ್ವೀಪದಲ್ಲಿ ಶ್ರೀರಂಗಪಟ್ಟಣವಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಎರಡೂ ಕೋಟೆಗಳಲ್ಲಿ ಸೆರೆಯಾಳುಗಳಿದ್ದರು. ಅವರು ಸೆರೆಯಾದ ಕಥೆಯನ್ನು ನಾವು ಓದಿದ್ದೇವೆ. ಹೊರಬಂದವರು ಮುಂದೆ ಎಲ್ಲಿ, ಹೇಗೆ ಬಾಳಿದರು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಯನ್ನೇ ಇಲ್ಲಿ ವಿಚಾರ ಮಾಡೋಣ.

ಎರಡನೆಯ ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂದು ಟಿಪ್ಪು ಸುಲ್ತಾನ್ ಶಂಕಿಸಿದನು. 1784ರಲ್ಲಿ ಅವರನ್ನು ಕುಟುಂಬ ಸಮೇತ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅವರ ಸಂಖ್ಯೆಯನ್ನು ಕೆಲವರು 30,000 ಎಂದರೆ, ಕೆಲವರು 80,000ದವರೆಗೂ ಹೇಳುತ್ತಾರೆ. ಆಸ್ತಿ ಮುಟ್ಟುಗೋಲಾಯಿತು, ಪಾದ್ರಿಗಳು ಗಡಿಪಾರಾದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಸತ್ತರು. ಅನೇಕರನ್ನು ಬಲವಂತವಾಗಿ ಮತಾಂತರಿಸಿ ಸೇನೆಗೆ ಸೇರಿಸಲಾಯಿತು. ಸಾವಿರಾರು ಕೊಡವರ ಪಾಡೂ ಇದೇ ಆಯಿತು. ಇದು ರಾಜಕೀಯ ಶಿಕ್ಷೆಯೋ ಮತದ್ವೇಷವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಕೆಲವರ ಮೇಲಿನ ಅನುಮಾನಕ್ಕೆ ಮಕ್ಕಳು ಮುದುಕರೆನ್ನದೆ ಇಡೀ ಸಮುದಾಯವೇ ದಂಡ ತೆತ್ತಿತು ಎಂಬುದು ನಿಜ.

ಆಗ ಪಿರಿಯಾಪಟ್ಟಣದ ಕೋಟೆಯಲ್ಲಿ ಕೊಡಗಿನ ರಾಜಕುಮಾರ ವೀರರಾಜೇಂದ್ರನೂ ತನ್ನವರೊಂದಿಗೆ ಬಂದಿಯಾಗಿದ್ದನು. 1788ರಲ್ಲಿ ಅವನು ತಪ್ಪಿಸಿಕೊಂಡು ಬಂದು ರಾಜ್ಯವನ್ನು ಮರಳಿ ಪಡೆದನು. 1792ರಲ್ಲಿ ಅವನು ಕಟ್ಟಿಸಿದ ಊರೇ ವೀರರಾಜಪೇಟೆ. ಶ್ರೀರಂಗಪಟ್ಟಣದಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ ಅವನು ಅಲ್ಲಿ ನೆಲೆ ಕೊಟ್ಟನು, ಚರ್ಚಿಗೂ ಜಾಗ ನೀಡಿದನು. ಸಂತ ಅನ್ನಮ್ಮನವರ ಚರ್ಚು ಹುಟ್ಟಿದ್ದು ಹೀಗೆ. ಲಿಂಗಾಯತ ಮತದ ಅರಸನೊಬ್ಬನು ಅನ್ಯಮತದ ನಿರಾಶ್ರಿತರಿಗೆ ಆಸರೆಯಾದುದನ್ನು ಇಲ್ಲಿ ಗಮನಿಸಬೇಕು. ಸೆರೆಯ ಕಷ್ಟ ಅವನಿಗೆ ಹೊಸದಾಗಿರಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಬಾಗಿಲು ತೆರೆದರೂ ಬವಣೆ ತೀರಲಿಲ್ಲ. ಕರಾವಳಿಗೆ ಹಿಂದಿರುಗಿದ ಎಷ್ಟೋ ಮಂದಿಯ ಜಮೀನು ಬೇರೆಯವರ ಪಾಲಾಗಿತ್ತು. ಹದಿನೈದು ವರ್ಷ ಬೇರೆ ಮತದಲ್ಲಿ ಬಾಳಿದವರನ್ನು ಅವರ ಸಮಾಜ ಮತ್ತೆ ಸೇರಿಸಿಕೊಳ್ಳಬೇಕಿತ್ತು. ಆಗ ಶ್ರೀರಂಗಪಟ್ಟಣಕ್ಕೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಬಲವಂತಕ್ಕೆ ಒಳಗಾಗಿದ್ದವರನ್ನು ಅವರು ಮರಳಿ ಸಭೆಗೆ ಬರಮಾಡಿಕೊಂಡರು. ಆದರೆ ಪೂಜೆ ಪ್ರಾರ್ಥನೆಯಿಂದಷ್ಟೇ ಬದುಕು ಸಾಗದೆಂಬುದನ್ನು ಅವರು ಬಲ್ಲವರಾಗಿದ್ದರು. ಹಾಸನದ ಕಡೆ ಸಾತಹಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹರಡಲೂ ದುಡಿದರು. ನಮ್ಮ ಜನರಂತೆಯೇ ಉಟ್ಟು ಉಂಡು ಬಾಳಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಅಂದಿನ ಯುದ್ಧಕೈದಿಗಳೂ ಇಂದು ನ್ಯಾಯಾಲಯದ ತೀರ್ಪಿನಂತೆ ಸೆರೆಮನೆ ಸೇರಿದವರೂ ಒಂದೇ ಅಲ್ಲ. ಆದರೆ ಹೊರಬಂದ ಮೇಲಿನ ಕಷ್ಟದಲ್ಲಿ ಹೋಲಿಕೆಯಿದೆ. ಕೆಲಸ ಕೊಡುವವರಿಲ್ಲ, ನೆರೆಯವರು ನಂಬುವುದಿಲ್ಲ, ತಪ್ಪು ಮಾಡದ ಹೆಂಡತಿ ಮಕ್ಕಳೂ ತಲೆ ತಗ್ಗಿಸಬೇಕು. ಇಂಥವರಿಗಾಗಿ 1981ರಲ್ಲಿ ಕೇರಳದ ಕೊಟ್ಟಾಯಂನ ಗುರುಮಠದಲ್ಲಿ ಆರಂಭವಾದ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’ ಕ್ರೈಸ್ತ ಸಂಸ್ಥೆಯು ಕೈದಿಗಳ ಭೇಟಿ, ಬಿಡುಗಡೆಯಾದವರ ಪುನರ್ವಸತಿ, ಅವರ ಮಕ್ಕಳ ಪೋಷಣೆಯಲ್ಲಿ ತೊಡಗಿತು.

ಸೆರೆಮನೆಯ ಬಾಗಿಲನ್ನು ಸರ್ಕಾರ ತೆರೆಯಬಹುದು. ಊರಿನ ಬಾಗಿಲನ್ನು ತೆರೆಯಬೇಕಾದವರು ಊರಿನವರೇ. ಅಂಥವರ ಮಗ ನಿಮ್ಮ ತರಗತಿಗೆ ಬಂದರೆ ಪಕ್ಕದಲ್ಲಿ ಜಾಗ ಕೊಡುವಿರಾ?