ಹಳೆ ಗೋವಾ: ಬಾವಿಯ ನೀರಿಗೆ ಬಲಿಯಾದ ಬಂದರು ನಗರ

ಸಂತ ಫ್ರಾನ್ಸಿಸ್ ಕ್ಸೇವಿಯರರ ದರ್ಶನಕ್ಕೆಂದು ಕರಾವಳಿಯ ನಮ್ಮ ಇಗರ್ಜಿಗಳಿಂದ ಹಳೆ ಗೋವಾಕ್ಕೆ ಹೋಗಿ ಬಂದವರು ಬಹಳ ಮಂದಿ. ಬೊಮ್ ಜೆಸು ಬಾಸಿಲಿಕಾದಲ್ಲಿ ಪ್ರಾರ್ಥಿಸಿ, ರಸ್ತೆಯಾಚೆಗಿನ ಕಥೆಡ್ರಲ್ ನೋಡಿ, ಊಟ ಮುಗಿಸಿ ಬಸ್ಸು ಹತ್ತುವುದು ವಾಡಿಕೆ. ಸುತ್ತಲಿನ ಹುಲ್ಲುಹಾಸು, ತೆಂಗಿನ ತೋಟಗಳ ಜಾಗದಲ್ಲಿ ಒಂದು ಕಾಲಕ್ಕೆ ಏಷ್ಯಾದ ಹೆಸರಾಂತ ಬಂದರು ನಗರವಿತ್ತೆಂಬುದು ಅನೇಕರ ಗಮನಕ್ಕೆ ಬರುವುದೇ ಇಲ್ಲ.

ಮಾಂಡೋವಿ ನದಿಯ ದಡದ ಈ ಬಂದರು ಪೋರ್ಚುಗೀಸರಿಗಿಂತ ಮೊದಲು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಹೊನ್ನಾವರದ ನಾವಿಕ ತಿಮ್ಮೋಜನ ಪ್ರೇರಣೆ ಹಾಗೂ ನೆರವಿನಿಂದ ಅಫೊನ್ಸೊ ದ ಅಲ್ಬುಕರ್ಕ್ 1510ರಲ್ಲಿ ಇದನ್ನು ಹಿಡಿದ, ಕೆಲವೇ ತಿಂಗಳಲ್ಲಿ ಕಳೆದುಕೊಂಡ, ನವೆಂಬರ್ 25ರಂದು ಮತ್ತೆ ಗೆದ್ದ. ಅಂದು ಸಂತ ಕ್ಯಾಥರೀನಳ ಹಬ್ಬ. 1530ರಲ್ಲಿ ಪೋರ್ಚುಗೀಸ್ ಆಡಳಿತದ ರಾಜಧಾನಿ ಕೊಚ್ಚಿಯಿಂದ ಇಲ್ಲಿಗೆ ಬಂತು. 1534ರಲ್ಲಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. 1556ರಲ್ಲಿ ಭಾರತದ ಮೊದಲ ಮುದ್ರಣ ಯಂತ್ರ ಇಲ್ಲಿನ ಸಂತ ಪೌಲರ ಕಾಲೇಜಿನಲ್ಲಿ ಕೆಲಸ ಆರಂಭಿಸಿತು. ಆ ಕಾಲೇಜಿನದು ಇಂದು ಒಂದು ಮುಂಬಾಗಿಲಷ್ಟೇ ಉಳಿದಿದೆ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇನ್‌ಕ್ವಿಸಿಷನ್ ನ್ಯಾಯಮಂಡಲಿಯೂ ಇದೇ ನಗರದಲ್ಲಿ ನಡೆಯಿತು. ಅದರ ಭಯವೂ ನಮ್ಮ ಪೂರ್ವಜರಲ್ಲಿ ಕೆಲವರನ್ನು ದಕ್ಷಿಣಕ್ಕೆ, ಕೆನರಾಕ್ಕೆ ಓಡಿಸಿದ ಕಾರಣಗಳಲ್ಲೊಂದು. ಇದನ್ನು ಮುಚ್ಚಿಟ್ಟು ಗೋವಾದ ಚರಿತ್ರೆ ಹೇಳಲಾಗದು.

ಇಷ್ಟು ದೊಡ್ಡ ನಗರ ಹಾಳಾದುದು ದೇವರ ಶಾಪದಿಂದ ಎಂದು ಹೇಳುವವರಿದ್ದಾರೆ. ಹಾಗೆ ಹೇಳುವ ಮೊದಲು ಅಲ್ಲಿನ ಬಾವಿಗಳ ಕಡೆ ನೋಡುವುದು ಒಳ್ಳೆಯದು. ನೆಲ ನಮ್ಮೂರಿನಂತೆಯೇ ಮುರಕಲ್ಲಿನದು, ನೀರನ್ನು ಬೇಗ ಹೀರಿಕೊಳ್ಳುತ್ತದೆ. ಇಕ್ಕಟ್ಟಾದ ನಗರದಲ್ಲಿ ಸರಿಯಾದ ಚರಂಡಿ ಇರಲಿಲ್ಲ. ಮನೆಗಳ ಹೊಲಸು ನೆಲಕ್ಕಿಳಿದು, ಜನ ಕುಡಿಯುವ ಬಾವಿಗಳನ್ನೇ ಸೇರಿತು. 1543ರಲ್ಲಿಯೇ ಕಾಲರಾ ಭೀಕರವಾಗಿ ಹಬ್ಬಿತ್ತು. ಅದರ ಮೇಲೆ ಜ್ವರಗಳು ಮರಳಿ ಮರಳಿ ಬಂದವು. 1608ರ ಸುಮಾರಿಗೆ ಇಲ್ಲಿನ ರಾಜ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಫ್ರೆಂಚ್ ಪ್ರವಾಸಿ ಪಿರಾರ್ಡ್ ಅದನ್ನು ಬಾಯ್ತುಂಬ ಹೊಗಳಿದ್ದಾನೆ. ಅದೇ ಆಸ್ಪತ್ರೆಯಲ್ಲಿ 17ನೇ ಶತಮಾನದ ಮೊದಲ 30 ವರ್ಷಗಳಲ್ಲಿ ಸುಮಾರು 25,000 ಸೈನಿಕರು ಸತ್ತರೆಂದು ಇತಿಹಾಸಕಾರರು ಬರೆದಿದ್ದಾರೆ. ಆರೈಕೆ ಚೆನ್ನಾಗಿತ್ತು, ನೀರು ಚೆನ್ನಾಗಿರಲಿಲ್ಲ.

ವ್ಯಾಪಾರವೂ ಕೈಬಿಟ್ಟಿತು. ಡಚ್ಚರು ನದೀಮುಖಕ್ಕೆ ಹಡಗುಗಳ ದಿಗ್ಬಂಧನ ಹಾಕಿದರು. 1641ರಲ್ಲಿ ಮಲಕ್ಕಾ, 1663ರಲ್ಲಿ ಕೊಚ್ಚಿ ಅವರ ಪಾಲಾದವು. ಗೋವಾದ ಊಟಕ್ಕೆ ಬೇಕಾದ ಅಕ್ಕಿ ಬಹುಪಾಲು ಬಸ್ರೂರು, ಮಂಗಳೂರು ಕಡೆಯಿಂದ ಹೋಗುತ್ತಿತ್ತು. ಹೊನ್ನಾವರ, ಬಸ್ರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನು 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ವಶಪಡಿಸಿಕೊಂಡಾಗ ಆ ಅಕ್ಕಿಯ ಮೇಲಿನ ಹಿಡಿತವೂ ತಪ್ಪಿತು. ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಬರುವುದು ಕಷ್ಟವಾಯಿತು.

1695ರಲ್ಲಿ 20,000ದಷ್ಟಿದ್ದ ಜನಸಂಖ್ಯೆ 1775ಕ್ಕೆ 1,600ಕ್ಕೆ ಇಳಿದಿತ್ತು. ವೈಸರಾಯ್ ತನ್ನ ವಾಸವನ್ನು ಮೊದಲು ಪಕ್ಕದ ಪಣೆಲಿಗೆ, 1759ರಲ್ಲಿ ಪಣಜಿಗೆ ಬದಲಿಸಿದ. ಆದರೂ 1770ರ ದಶಕದಲ್ಲಿ ಲಿಸ್ಬನ್ನಿನ ಆಜ್ಞೆಯಂತೆ ಹಳೆ ನಗರವನ್ನು ಮತ್ತೆ ಕಟ್ಟುವ ಯತ್ನ ನಡೆಯಿತು. ಕೆಲಸಕ್ಕೆ ಬಂದ ಕೂಲಿಗಳೇ ರೋಗಕ್ಕೆ ತುತ್ತಾಗಿ, ಕಾಮಗಾರಿ ನಿಂತುಹೋಯಿತು. ದೂರದಲ್ಲಿ ಕುಳಿತು ಕೊಟ್ಟ ಆಜ್ಞೆಗೆ ಪ್ರಾಣ ತೆತ್ತ ಈ ಕೂಲಿಗಳ ಹೆಸರನ್ನು ಯಾವ ಕಲ್ಲಿನಲ್ಲೂ ಕೆತ್ತಿಲ್ಲ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಹಳೆ ಮನೆಗಳ ಕಲ್ಲುಗಳನ್ನು ಕಿತ್ತು ಅಲ್ಲಿನ ಕಟ್ಟಡಗಳಿಗೆ ಬಳಸಲಾಯಿತು.

ನಿವಾಸಿಗಳು ಹೋದ ಮೇಲೂ ಉಳಿದಿದ್ದವರು ಸನ್ಯಾಸಿಗಳು. 1835ರಲ್ಲಿ ಧಾರ್ಮಿಕ ಸಭೆಗಳನ್ನು ಸರಕಾರ ವಿಸರ್ಜಿಸಿದಾಗ ಅವರೂ ಹೊರಡಬೇಕಾಯಿತು. ಅಗಸ್ಟಿನಿಯನ್ನರ ದೊಡ್ಡ ಇಗರ್ಜಿಯ ಚಾವಣಿ 1842ರಲ್ಲಿ ಕುಸಿಯಿತು. 1931ರಲ್ಲಿ ಅದರ ಮುಖಭಾಗವೂ ಬಿತ್ತು. ಈಗ ನಿಂತಿರುವುದು 46 ಮೀಟರ್ ಎತ್ತರದ ಅರ್ಧ ಗೋಪುರ. ಅದರ ಗಂಟೆ 1871ರಿಂದ ಪಣಜಿಯ ಇಗರ್ಜಿಯಲ್ಲಿದೆ. 1624ರಲ್ಲಿ ಪರ್ಷಿಯಾದಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಟ್ಟ ಜಾರ್ಜಿಯಾದ ರಾಣಿ ಕೆತೆವಾನಳ ಅಸ್ಥಿ ಈ ಅವಶೇಷಗಳ ಉತ್ಖನನದಲ್ಲಿ ದೊರೆಯಿತು. ಡಿಎನ್‌ಎ ಪರೀಕ್ಷೆಯ ಬಳಿಕ, 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ನೀಡಿತು.

1986ರಲ್ಲಿ ಯುನೆಸ್ಕೊ ಇಲ್ಲಿನ ಇಗರ್ಜಿ, ಮಠಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿ ಮಳೆಯನ್ನು ತಡೆಯದು. ಬಾಸಿಲಿಕಾದ ಗೋಡೆಗಳ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ ಕಿತ್ತುಹಾಕಿದಂದಿನಿಂದ ಮುರಕಲ್ಲು ಮಳೆಗೆ ಮೈಯೊಡ್ಡಿ ಸವೆಯುತ್ತಿದೆ. ಯಾತ್ರಿಕರು ಮೆಚ್ಚಿ ಫೋಟೋ ತೆಗೆಯುವ ಆ ಕೆಂಪು ಗೋಡೆ ವಾಸ್ತವದಲ್ಲಿ ಹೊದಿಕೆ ಕಳೆದುಕೊಂಡ ಗೋಡೆ.

ಯಾತ್ರೆ ಕರೆದೊಯ್ಯುವ ಗುರುಗಳೂ ಉಪದೇಶಿಗಳೂ ಇನ್ನೊಂದು ಗಂಟೆ ಹೆಚ್ಚು ಇಟ್ಟುಕೊಂಡರೆ ಅಗಸ್ಟಿನಿಯನ್ನರ ಗೋಪುರದವರೆಗೆ ನಡೆದು ಹೋಗಬಹುದು. ಪವಾಡದ ಶಿಲುಬೆಯ ಗುಡ್ಡವನ್ನೂ ಬಿಡಬಾರದು. 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ ಜೋಸೆಫ್ ವಾಜ್ ಸೇರಿದ ಒರಟೋರಿಯನ್ ಸಮುದಾಯ ಇದ್ದುದು ಅಲ್ಲಿ. ಅಲ್ಲಿಂದಲೇ ಅವರು ಸಿಲೋನಿಗೆ ಹೊರಟರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರನ್ನು ಕೊಲಂಬೊದಲ್ಲಿ ಸಂತರೆಂದು ಸಾರಿದರು. ಅವರು ಬಾಳಿದ ಮಠ ಇಂದು ಪಾಳುಬಿದ್ದಿದೆ.