ಎಷ್ಟು ದಿನ ಓದಬೇಕು? ಕ್ಲಾಸಿಗೆ ಹೋಗದೆ ಪರೀಕ್ಷೆ ಬರೆದವರ ಸಣ್ಣ ಚರಿತ್ರೆ

ಪರೀಕ್ಷೆಗೆ ಎಷ್ಟು ದಿನ ಓದಬೇಕು ಅನ್ನೋ ಪ್ರಶ್ನೆಗೆ ನಮ್ಮ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಒಂದೇ ಉತ್ತರ ಇತ್ತು: ಹಿಂದಿನ ರಾತ್ರಿ :) ಆದರೆ ಆ ಒಂದು ರಾತ್ರಿಯ ಓದಿಗೆ ಹಾಲ್ ಟಿಕೆಟ್ ಸಿಗಬೇಕಾದರೆ ಸೆಮಿಸ್ಟರ್ ಪೂರ್ತಿ ಬೆಂಚಿನ ಮೇಲೆ ಕೂತಿರಬೇಕಿತ್ತು. ವಿಟಿಯು ನಿಯಮದ ಪ್ರಕಾರ ಶೇ. 85 ಹಾಜರಾತಿ. ಅಂದರೆ ನಾವು ಕೂತ ಹೊತ್ತಿಗೆ ಲೆಕ್ಕ ಇತ್ತು, ಓದಿದ ಹೊತ್ತಿಗೆ ಲೆಕ್ಕ ಇರಲಿಲ್ಲ.

ಇದರ ತಿರುವು ಮುರುವು ಒಂದು ದಾರಿ ಇದೆ. ಕ್ಲಾಸಿಗೆ ಬರಬೇಡ, ಎಲ್ಲಿ ಓದಿದೆ, ಯಾರ ಹತ್ತಿರ ಓದಿದೆ ಅಂತ ಕೇಳೋದಿಲ್ಲ, ಬಂದು ಪರೀಕ್ಷೆ ಬರಿ, ಪಾಸಾದರೆ ಕಾಗದ ತಗೊಂಡು ಹೋಗು ಅನ್ನುವ ದಾರಿ. ಅಮೆರಿಕದಲ್ಲಿ ಇದಕ್ಕೆ ಕ್ಲೆಪ್ ಅನ್ನುವ ಪರೀಕ್ಷೆ ಇದೆ, ಕಾಲೇಜ್ ಬೋರ್ಡ್ 1967ರಲ್ಲಿ ಶುರು ಮಾಡಿದ್ದು. ಒಂದೊಂದು ವಿಷಯಕ್ಕೆ ಸುಮಾರು ಒಂದೂವರೆ ಗಂಟೆಯ ಪರೀಕ್ಷೆ. 20ರಿಂದ 80ರವರೆಗಿನ ಅಳತೆಯಲ್ಲಿ 50 ಬಂದರೆ ಸಾಮಾನ್ಯವಾಗಿ ಕಾಲೇಜಿನವರು ಕ್ರೆಡಿಟ್ ಕೊಡ್ತಾರೆ. ಫೇಲಾದರೆ ಮೂರು ತಿಂಗಳು ಕಾಯಬೇಕು, ಅಷ್ಟೆ. ಅಲ್ಲಿರುವ ಕನ್ನಡದ ಮನೆಗಳಲ್ಲಿ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಈ ಹೆಸರು ಕೇಳಿಯೇ ಇರ್ತಾರೆ.

ಇದು ಅಮೆರಿಕದವರ ಬುದ್ಧಿವಂತಿಕೆ ಅಂದುಕೊಂಡರೆ ತಪ್ಪು. ಇದರ ಬೇರು ಲಂಡನ್ನಿನಲ್ಲಿದೆ. ಒಂದು ಕವಲು ನಮ್ಮ ಕಲಬುರಗಿವರೆಗೂ ಬಂದಿದೆ.

ಪಾಠ ಮಾಡದ ವಿಶ್ವವಿದ್ಯಾಲಯ

1836ರಲ್ಲಿ ಹುಟ್ಟಿದ ಲಂಡನ್ ವಿಶ್ವವಿದ್ಯಾಲಯ ಮೊದಲಿಂದಲೂ ಪಾಠ ಹೇಳುವ ಸಂಸ್ಥೆ ಅಲ್ಲ, ಪರೀಕ್ಷೆ ನಡೆಸುವ ಸಂಸ್ಥೆ. ಆದರೂ ಆರಂಭದಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿದ ಪ್ರಮಾಣಪತ್ರ ಬೇಕಿತ್ತು. 1858ರಲ್ಲಿ ಆ ಷರತ್ತನ್ನೂ ತೆಗೆದುಹಾಕಿದರು. ಫೀಸು ಕಟ್ಟಿ, ಮೆಟ್ರಿಕ್ ಪಾಸಾದವ ಎಲ್ಲಿಯವನಾದರೂ ಡಿಗ್ರಿ ಪರೀಕ್ಷೆಗೆ ಕೂರಬಹುದು. ಮೇಷ್ಟ್ರು, ಗುಮಾಸ್ತ, ರಾತ್ರಿ ದೀಪದ ಕೆಳಗೆ ಓದುವ ಯಾರಾದರೂ ಸರಿ. 1878ರಿಂದ ಹೆಂಗಸರಿಗೂ ಡಿಗ್ರಿ ತೆರೆಯಿತು.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳನ್ನು ಕಟ್ಟಿದ್ದು ಇದೇ ಲಂಡನ್ ಮಾದರಿಯಲ್ಲಿ. ಅವೂ ಪಾಠ ಮಾಡುತ್ತಿರಲಿಲ್ಲ, ಪರೀಕ್ಷೆ ಮಾಡುತ್ತಿದ್ದವು. ಒಂದೇ ವ್ಯತ್ಯಾಸ ಅಂದರೆ, ಇಲ್ಲಿ ಡಿಗ್ರಿಗೆ ಕೂರಲು ಸಾಮಾನ್ಯವಾಗಿ ಸಂಯೋಜಿತ ಕಾಲೇಜಿನ ಮೂಲಕವೇ ಬರಬೇಕಿತ್ತು. ಲಂಡನ್ನಿನಲ್ಲಿ ಬಿಟ್ಟ ಬಾಗಿಲು ಇಲ್ಲಿ ಅರ್ಧ ಮುಚ್ಚಿತ್ತು. 1904ರ ಕರ್ಜನ್ ಕಾಯ್ದೆ ಕಾಲೇಜುಗಳ ಮೇಲಿನ ಹಿಡಿತವನ್ನು ಇನ್ನೂ ಬಿಗಿ ಮಾಡಿತು. ನಮ್ಮ ಹಾಜರಾತಿ ಪುಸ್ತಕದ ಅಜ್ಜ ಅಲ್ಲೆಲ್ಲೋ ಇದ್ದಾನೆ!

ಐದು ತಿಂಗಳು ಮತ್ತು ಊಟದ ಲೆಕ್ಕ

"ಎಷ್ಟು ದಿನ ಓದಬೇಕು" ಅನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಗಾಂಧೀಜಿಯವರದು. ಬ್ಯಾರಿಸ್ಟರ್ ಆಗಲು ಹೋದ ಮೋಹನದಾಸ, ಅದರ ಜೊತೆಗೆ ಲಂಡನ್ ಮೆಟ್ರಿಕ್ ಪರೀಕ್ಷೆಗೂ ಕಟ್ಟಿದರು. ಪರೀಕ್ಷೆ ಆರು ತಿಂಗಳಿಗೊಮ್ಮೆ. ಕೈಯಲ್ಲಿದ್ದದ್ದು ಐದೇ ತಿಂಗಳು. ಲ್ಯಾಟಿನ್ ಅಂದರೆ ಏನೆಂದು ಗೊತ್ತಿಲ್ಲ, ಫ್ರೆಂಚ್ ಬೇರೆ. ದಿನಚರಿಯನ್ನು ನಿಮಿಷದ ಲೆಕ್ಕದಲ್ಲಿ ಹಾಕಿಕೊಂಡು ಓದಿದರು. ಆದರೂ ಲ್ಯಾಟಿನ್ನಿನಲ್ಲಿ ಫೇಲು. ಮತ್ತೆ ಓದಿದರು. ಪ್ರಯೋಗ ನೋಡದೆ ಬೇಸರ ತರಿಸಿದ್ದ ರಸಾಯನಶಾಸ್ತ್ರ ಬಿಟ್ಟು, ಶಾಖ ಮತ್ತು ಬೆಳಕು ವಿಷಯ ತಗೊಂಡು 1890ರ ಜೂನಿನಲ್ಲಿ ಪಾಸಾದರು. ಹೆಚ್ಚು ಗಂಟೆ ಓದಿದ್ದಷ್ಟೇ ಅಲ್ಲ, ತನಗೆ ಹೊಂದುವ ವಿಷಯ ಆರಿಸಿಕೊಂಡಿದ್ದೂ ಕೆಲಸ ಮಾಡಿದೆ ನೋಡಿ.

ಇದೇ ಗಾಂಧಿಯವರ ಬ್ಯಾರಿಸ್ಟರಿ ಕಥೆ ಇನ್ನೂ ಮಜಾ. ಅಲ್ಲಿ ಪರೀಕ್ಷೆ ಸುಲಭ, ಆದರೆ ಹನ್ನೆರಡು ಟರ್ಮು, ಅಂದರೆ ಸುಮಾರು ಮೂರು ವರ್ಷ ಮುಗಿಸಲೇಬೇಕು. ಟರ್ಮು ಮುಗಿಸುವುದು ಅಂದರೆ ಓದುವುದಲ್ಲ, ಊಟ ಮಾಡುವುದು! ಟರ್ಮಿನಲ್ಲಿ ನಡೆಯುವ ಇಪ್ಪತ್ನಾಲ್ಕು ಔತಣಗಳಲ್ಲಿ ಕನಿಷ್ಠ ಆರಕ್ಕೆ ಹಾಜರಾದರೆ ಸಾಕು. ನಮ್ಮ ಶೇ. 85 ಇದಕ್ಕಿಂತ ಕಷ್ಟ, ಊಟವೂ ಇಲ್ಲ :)

ಹೀಗೆ ಒಬ್ಬನೇ ಮನುಷ್ಯ ಒಂದೇ ಊರಿನಲ್ಲಿ ಎರಡು ಥರದ ಗಡಿಯಾರ ಕಂಡ. ಒಂದು ಗೊತ್ತಿದ್ದರೆ ಸಾಕು ಅನ್ನುತ್ತದೆ. ಇನ್ನೊಂದು ಗೊತ್ತಿದ್ದರೂ ಕಾಯಬೇಕು ಅನ್ನುತ್ತದೆ.

ಜಗತ್ ಸರ್ಕಲ್ಲಿನ ಪ್ರತಿಮೆ

ಮೂರನೇ ಗಡಿಯಾರವೂ ಒಂದಿದೆ. ಕಲಬುರಗಿಯ ಜಗತ್ ಸರ್ಕಲ್ ಗೊತ್ತಿರುವವರಿಗೆ ಅಲ್ಲಿನ ಅಂಬೇಡ್ಕರ್ ಪ್ರತಿಮೆ ಗೊತ್ತು. ಅವರು 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಗ್ರೇಸ್ ಇನ್ ಎರಡಕ್ಕೂ ಸೇರಿದರು. 1917ರಲ್ಲಿ ಬರೋಡಾದ ವಿದ್ಯಾರ್ಥಿವೇತನ ಮುಗಿದು ಓದು ಅರ್ಧಕ್ಕೆ ನಿಂತಿತು. ಆದರೆ ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಬಹುದು ಅಂತ ಅನುಮತಿ ಪಡೆದೇ ಊರಿಗೆ ಬಂದರು. ಬೊಂಬಾಯಿಯಲ್ಲಿ ಪಾಠ ಹೇಳಿ ದುಡ್ಡು ಕೂಡಿಸಿ 1920ರಲ್ಲಿ ವಾಪಸ್ ಹೋದರು. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್, 1923ರಲ್ಲಿ ಡಿ.ಎಸ್ಸಿ.

ಆ ನಾಲ್ಕು ವರ್ಷದ ಅನುಮತಿ ಇಲ್ಲದಿದ್ದರೆ? ಮಾಡಿದ ಓದು ಹಾಗೇ ಉಳಿದಿರುತ್ತದೆ, ಹಾಳಾಗುವುದಿಲ್ಲ ಅನ್ನುವ ಭರವಸೆ ಬಡವನಿಗೆ ಓದುವ ಗಂಟೆಗಳಿಗಿಂತ ದೊಡ್ಡದು. ದುಡ್ಡಿದ್ದವನು ಒಂದೇ ಉಸಿರಿನಲ್ಲಿ ಓದಿ ಮುಗಿಸ್ತಾನೆ. ಇಲ್ಲದವನು ನಿಲ್ಲಿಸಿ ನಿಲ್ಲಿಸಿ ಓದಬೇಕು.

ನಮ್ಮ ಕಡೆಯ ದಾರಿಗಳು

ಕಲಬುರಗಿ ವಿಷಯಕ್ಕೆ ಬರೋಣ. 1948ರವರೆಗೆ ನಿಜಾಮರ ರಾಜ್ಯ. ಅಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮ ಉರ್ದು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಉರ್ದು. 1956ರಲ್ಲಿ ಏಕೀಕರಣ ಆದ ಮೇಲೆ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. ನಾಲ್ಕು ದಶಕದೊಳಗೆ ಒಂದೇ ಊರಿಗೆ ಹೈದರಾಬಾದು, ಧಾರವಾಡ, ಸ್ವಂತದ್ದು ಅಂತ ಮೂರು ವಿಶ್ವವಿದ್ಯಾಲಯ! ಎಂಜಿನಿಯರಿಂಗ್ ಕಾಲೇಜು, ಅಂದರೆ ಈಗಿನ ಪಿಡಿಎ, ಬಂದದ್ದು 1958ರಲ್ಲಿ.

ಕಾಲೇಜು ದೂರ ಇದ್ದ ಕಡೆ ಪರೀಕ್ಷೆಯೇ ಕಾಲೇಜು. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಮನೆಯಲ್ಲೇ ಓದಿ ಕಟ್ಟಬಹುದು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಹಿಂದಿ ಪರೀಕ್ಷೆಗಳಂತೂ ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿದ್ದಾಗಲೇ ಬರೆದಿದ್ದೇವೆ.

ಎಂಜಿನಿಯರಿಂಗಿನಲ್ಲಿ ಈ ದಾರಿಯ ಹೆಸರು ಎಎಂಐಇ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ 1920ರಲ್ಲಿ ಸ್ಥಾಪನೆಯಾಯಿತು. 1928ರಿಂದ ಪರೀಕ್ಷೆ ನಡೆಸುತ್ತಿದೆ, 1935ರಲ್ಲಿ ರಾಯಲ್ ಚಾರ್ಟರ್ ಸಿಕ್ಕಿತು. ಸೆಕ್ಷನ್ ಎ, ಸೆಕ್ಷನ್ ಬಿ ಅಂತ ಎರಡು ಹಂತ. ವರ್ಷಕ್ಕೆರಡು ಸಲ ಪರೀಕ್ಷೆ. ಡಿಪ್ಲೊಮಾ ಆದವರಿಗೆ ಸೆಕ್ಷನ್ ಎ ಪೇಪರುಗಳು ಕಡಿಮೆ, ಅಂದರೆ ಹಳೆಯ ಓದಿಗೆ ರಿಯಾಯಿತಿ. ಎರಡೂ ಮುಗಿಸಿದರೆ ಸರ್ಕಾರಿ ಕೆಲಸಕ್ಕೆ ಬಿ.ಇ.ಗೆ ಸಮ ಅಂತ ಒಪ್ಪುತ್ತಿದ್ದರು. ಲೋಕೋಪಯೋಗಿ, ವಿದ್ಯುತ್ ಇಲಾಖೆಯ ಜೂನಿಯರ್ ಎಂಜಿನಿಯರುಗಳು, ಫ್ಯಾಕ್ಟರಿಯ ಡಿಪ್ಲೊಮಾದವರು, ರೈಲ್ವೆಯವರು ಕೆಲಸ ಬಿಡದೆ ಮೇಲೆ ಹತ್ತಿದ ಏಣಿ ಇದು. ಶಹಾಬಾದ್, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳಿರುವ ನಮ್ಮ ಜಿಲ್ಲೆಯಲ್ಲಿ ಅಂಥವರಿಗೆ ಕೊರತೆಯೇನಿಲ್ಲ.

ಆದರೆ ಏಣಿ ತೆಗೆದರು. 2013ರ ಮೇ 31ರೊಳಗೆ ನೋಂದಣಿ ಆದವರಿಗೆ ಮಾತ್ರ ಹಳೆಯ ಸಮಾನತೆ ಅಂತ ಕೇಂದ್ರ ಸರ್ಕಾರ ಗೆರೆ ಎಳೆಯಿತು. ಪರೀಕ್ಷೆ ಉಳಿಯಿತು, ಅದರ ಬೆಲೆ ಉಳಿಯಲಿಲ್ಲ. ಅದೇ ಹೊತ್ತಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ್ದೂ ಹೀಗೇ ಆಯಿತು. 2012-13ರ ನಂತರ ಮಾನ್ಯತೆ ಇಲ್ಲ ಅಂತ 2015ರಲ್ಲಿ ಯುಜಿಸಿ ಪ್ರಕಟಿಸಿತು. 2018ರಲ್ಲಿ ಮತ್ತೆ ಮಾನ್ಯತೆ ಬಂತು. ಮಧ್ಯದಲ್ಲಿ ಸೇರಿದ್ದವರು ಓದಿದ್ದು ಸುಳ್ಳಲ್ಲ, ಆದರೆ ಕಾಗದ ಹಿಡಿದು ಅಲೆದದ್ದೂ ಸುಳ್ಳಲ್ಲ.

ಹಾಗಾದರೆ ಎಷ್ಟು ದಿನ?

ಕಮಲಾಪುರದಲ್ಲಿರುವ ನಮ್ಮ ಕಾಕಾನ ಮಗ ಡಿಪ್ಲೊಮಾ ಮಾಡಿ ಶಿಫ್ಟಿನ ಕೆಲಸದಲ್ಲಿದ್ದಾನೆ. ಮುಂದೆ ಓದುವ ಆಸೆ. "ಅಣ್ಣಾ, ದಿನಾ ಎಷ್ಟ್ ತಾಸ್ ಓದಿದ್ರ ಆಗ್ತದ, ಅದೊಂದ್ ಹೇಳು" ಅಂತ ಫೋನಿನಲ್ಲಿ ಕೇಳಿದ. ಸಾಫ್ಟ್‌ವೇರಿನವನು ಲೆಕ್ಕ ಹಾಕದೆ ಇರ್ತಾನಾ?

ಓದನ್ನು ಗಂಟೆಯಲ್ಲಿ ಅಳೆಯುವ ಚಾಳಿ ಎಲ್ಲಿಂದ ಬಂತು ಗೊತ್ತಾ? 1906ರಲ್ಲಿ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನದಿಂದ. ಆ ಪ್ರತಿಷ್ಠಾನದ ಆಗಿನ ಕೆಲಸ ಕಾಲೇಜು ಪ್ರೊಫೆಸರುಗಳಿಗೆ ಪಿಂಚಣಿ ಕೊಡುವುದು. ಯಾವುದು ಕಾಲೇಜು, ಯಾವುದು ಬರೀ ಹೈಸ್ಕೂಲು ಅಂತ ಬೇರ್ಪಡಿಸಲು ಒಂದು ಅಳತೆ ಬೇಕಾಯಿತು. ಹೈಸ್ಕೂಲಿನಲ್ಲಿ ಒಂದು ವಿಷಯ 120 ಗಂಟೆ ಓದಿದರೆ ಒಂದು ಯುನಿಟ್, ಅಂಥ 14 ಯುನಿಟ್ ಇದ್ದವರನ್ನು ಮಾತ್ರ ಸೇರಿಸಿಕೊಳ್ಳುವುದೇ ಕಾಲೇಜು. ಪಿಂಚಣಿಗೆ ಮಾಡಿದ ಲೆಕ್ಕ ಕಲಿಕೆಯ ಲೆಕ್ಕವಾಗಿ ಕೂತುಬಿಟ್ಟಿತು!

ನಮ್ಮಲ್ಲಿ ಇಗ್ನೋ ಒಂದು ಕ್ರೆಡಿಟ್ಟಿಗೆ 30 ಗಂಟೆಯ ಓದು ಅನ್ನುತ್ತದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್ ಅನ್ನುತ್ತದೆ. ಭಾಗಿಸಿದರೆ ಅದೂ 30. ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸಿಗೆ 3 ಕ್ರೆಡಿಟ್, ಅಂದರೆ 90 ಗಂಟೆ. ಹನ್ನೆರಡು ವಾರಕ್ಕೆ 84 ದಿನ. ದಿನಕ್ಕೆ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು. ಅಸೈನ್‌ಮೆಂಟಿಗೆ 25, ಕೊನೆಯ ಪರೀಕ್ಷೆಗೆ 75 ಅಂಕ. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರವರೆಗೆ ಹೀಗೆ ಸ್ವಯಂ ಕೋರ್ಸುಗಳಿಂದ ತರಬಹುದು, ಆದರೆ ನಾವಿರುವ ಕಾಲೇಜು ಒಪ್ಪಬೇಕು. ಅದೇ ವರ್ಷ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್ ಗರಿಷ್ಠ ಏಳು ವರ್ಷ ಉಳಿಯುತ್ತದೆ. ಅಂಬೇಡ್ಕರರಿಗೆ ಸಿಕ್ಕಿದ್ದು ನಾಲ್ಕು, ಅದೂ ಕೇಳಿಕೊಂಡು.

ಇಷ್ಟೆಲ್ಲ ಹೇಳಿ ತಮ್ಮನಿಗೆ ಕೊಟ್ಟ ಉತ್ತರ ಹೀಗಿದೆ. ಗೊತ್ತಿಲ್ಲದ ವಿಷಯಕ್ಕೆ ದಿನಾ ಒಂದು ತಾಸು, ಮೂರು ತಿಂಗಳು. ಕೆಲಸದಲ್ಲಿ ಕೈಯಾಡಿಸಿ ಗೊತ್ತಿರುವ ವಿಷಯಕ್ಕೆ ಮೊದಲು ಹಳೆಯ ಪ್ರಶ್ನೆಪತ್ರಿಕೆ ತೆಗೆದು ಗಡಿಯಾರ ಇಟ್ಟುಕೊಂಡು ಬರೆದು ನೋಡು, ಎಷ್ಟು ಕಡಿಮೆ ಬಿತ್ತೋ ಅಷ್ಟಕ್ಕೆ ಮಾತ್ರ ಓದು. ನೈಟ್ ಶಿಫ್ಟಿನ ವಾರದಲ್ಲಿ ಹೊಸ ಪಾಠ ಮುಟ್ಟಬೇಡ. ಇದೆಲ್ಲಕ್ಕಿಂತ ಮುಂಚೆ ಅರ್ಧ ದಿನ ರಜೆ ಹಾಕಿ ಒಂದು ಕೆಲಸ ಮಾಡು: ಈ ಪರೀಕ್ಷೆಯ ಕಾಗದವನ್ನು ನಿನಗೆ ಬೇಕಾದ ಜಾಗದಲ್ಲಿ ಇವತ್ತು ಒಪ್ಪುತ್ತಾರಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತಗೋ. ಬಾಯಿಮಾತು ಬೇಡ.

"ಓದೂದ್ಕಿಂತ ಇದೇ ದೊಡ್ಡ ಕೆಲಸ ಆಯ್ತಲ್ಲಣ್ಣಾ" ಅಂದ. ಚರಿತ್ರೆ ನೋಡಿದರೆ ಅವನ ಮಾತು ಸರಿ. 1858ರ ಆ ದೊಡ್ಡ ಹೆಜ್ಜೆಯ ಅರ್ಥ "ಎಷ್ಟು ದಿನ ಓದಿದೆ ಅಂತ ನಾವು ಕೇಳೋದಿಲ್ಲ" ಅನ್ನುವುದಾಗಿತ್ತು. ಅದರ ಜೊತೆ "ನೀನು ಗಳಿಸಿದ್ದನ್ನು ನಾಳೆ ವಾಪಸ್ ತಗೊಳ್ಳೋದಿಲ್ಲ" ಅನ್ನುವ ಮಾತೂ ಸೇರಿದಾಗಲೇ ಅದು ಪೂರ್ತಿ. ಶಿಫ್ಟ್ ಮುಗಿಸಿ ಬಂದು ದೀಪ ಹಚ್ಚಿ ಓದುವವನಿಂದ ನಾವು 90 ಗಂಟೆ ಕೇಳುತ್ತೇವೆ. ಅಷ್ಟು ಕೇಳುವವರು ಈ ಮಾತನ್ನಾದರೂ ಕೊಡಬೇಕಲ್ಲವಾ?

ನಿಮ್ಮ ಮನೆಗಳಲ್ಲಿ ಎಎಂಐಇ, ಜಾಣ, ರತ್ನ, ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಹೀಗೆ ಕ್ಲಾಸಿಗೆ ಹೋಗದೆ ಪಾಸಾದವರು ಇರಬಹುದು. ಅವರು ಎಷ್ಟು ದಿನ, ಯಾವ ಹೊತ್ತಿನಲ್ಲಿ ಓದಿದರು ಅಂತ ಕೇಳಿ ಬರೆಯಿರಿ. ಈ ಚರಿತ್ರೆಯನ್ನು ಯಾವ ವಿಶ್ವವಿದ್ಯಾಲಯವೂ ಬರೆದಿಡುವುದಿಲ್ಲ, ನಾವೇ ಬರೆಯಬೇಕು.