ಹುಣ್ಣಿಮೆಯ ಲೆಕ್ಕ

ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿರುವ 'ಆದಿಮ' ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಸಾಂಸ್ಕೃತಿಕ ಕೇಂದ್ರ. ಅಲ್ಲಿ ಹುಣ್ಣಿಮೆ ರಾತ್ರಿ ನಡೆಯೋ ಹಾಡು-ನಾಟಕದ ಕಾರ್ಯಕ್ರಮಕ್ಕೆ 'ಹುಣ್ಣಿಮೆ ಹಾಡು' ಅಂತಲೇ ಹೆಸರು.

ಇದರ ಚರಿತ್ರೆ ಎಲ್ಲಿದೆ ಅಂತ ಕೇಳಿದರೆ ನಾನು ನೋಡಲು ಬಂದವರ ಫೋನುಗಳನ್ನ ತೋರಿಸ್ತೀನಿ. ತೊಂದರೆ ಏನಂದ್ರೆ, ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ದಾಟಿದ ಫೋಟೋದಲ್ಲಿ ತೆಗೆದ ದಿನಾಂಕ ಉಳಿಯಲ್ಲ. ಆದರೆ ಹುಣ್ಣಿಮೆ ಹಾಡಿನದು ಅಂತ ಗೊತ್ತಿದ್ದು, ವರ್ಷವೂ ತಿಳಿದರೆ, ಪಂಚಾಂಗ 12-13 ರಾತ್ರಿಗಳನ್ನಷ್ಟೇ ಮುಂದಿಡುತ್ತೆ. ಜನ ಶಾಲು ಹೊದ್ದಿದ್ದಾರಾ, ನೆಲ ಒದ್ದೆಯಾಗಿದೆಯಾ ನೋಡಿದರೆ ಇನ್ನೂ ಕಮ್ಮಿ.

ದಿನಾಂಕವನ್ನ ಚಂದ್ರ ಕೊಡ್ತಾನೆ, ಹೆಸರು ಕೊಡಲ್ಲ. ತಮಟೆ ಹಿಡಿದವರು ಮುಳಬಾಗಿಲಿನವರೋ ಶ್ರೀನಿವಾಸಪುರದವರೋ, ಅವತ್ತು ಪಕ್ಕದಲ್ಲಿ ಕೂತವರಿಗೇ ಗೊತ್ತು. ಫೋನ್ ಬದಲಿಸೋ ಮುಂಚೆ ಅಷ್ಟು ಬರೆದಿಡಿ. ತಮಟೆಯವರ ಹೆಸರನ್ನ ಹಳೇ ದಾಖಲೆಗಳು ಬರೆದಿದ್ದೇ ಕಮ್ಮಿ. ನಾವೂ ಬಿಡೋದು ಬೇಡ.